ಕಾರಿನ ಮುಂದೆ ನಿಲ್ಲುತ್ತಿದ್ದವರು

ಚಕ್ರದ ಮೇಲೆ ನೀರು ಚಿಮುಕಿಸಿ ಅವರು ಕಾರಿನ ಕಾಯಿಲೆ ಹೇಳುತ್ತಿದ್ದರು. ದೋಸೆ ಹೆಂಚು ಕಾದಿದೆಯೋ ಇಲ್ಲವೋ ಎಂದು ನಾವು ನೋಡುತ್ತೇವಲ್ಲ, ಹಾಗೆ. ಕಾರನ್ನು ಊರಾಚೆ ಒಂದು ಸುತ್ತು ಓಡಿಸಿಕೊಂಡು ಬರಲು ಹೇಳುವುದು, ಬಂದ ಕೂಡಲೇ ಚೊಂಬು ಹಿಡಿದು ನಾಲ್ಕೂ ಚಕ್ರಗಳ ನಡುಭಾಗಕ್ಕೆ ಎರಡೆರಡು ಹನಿ ಹಾಕುವುದು. ಮೂರು ಕಡೆ ನೀರು ಸುಮ್ಮನೆ ಇಳಿದುಹೋಗಿ ಒಂದು ಕಡೆ ಚುಯ್ ಎಂದರೆ ಮುಗಿಯಿತು.

"ನೋಡ್ರಿ, ಈ ಕೂಸಿಗೆ ಜ್ವರ ಬಂದೈತೆ. ಹಿಡಿದ ಬ್ರೇಕು ಬಿಡ್ತಿಲ್ಲ," ಎನ್ನುತ್ತಿದ್ದರು.

ಶಿಕಾರಿಪುರದ ನಮ್ಮ ಬೀದಿಯಲ್ಲಿ ಅವರದು ನಮ್ಮ ಎದುರು ಮನೆ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಬ್ರೇಕಿನ ಕೆಲಸ ಮಾಡಿ ನಿವೃತ್ತರಾದವರು. ಮನೆ ಮುಂದಿನ ಹೊಂಗೆ ಮರದ ನೆರಳೇ ಅವರ ವರ್ಕ್‌ಶಾಪು. ಬೀದಿಯವರ ಕಾರು, ಆಟೋ, ಸ್ಕೂಟಿ ಯಾವುದರ ಬ್ರೇಕು ಕೆಟ್ಟರೂ ಅಲ್ಲಿಗೇ ಬರುತ್ತಿತ್ತು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಬ್ರೇಕು ಬಿಟ್ಟು ಬೇರೆ ಏನನ್ನೂ ಮುಟ್ಟುತ್ತಲೂ ಇರಲಿಲ್ಲ. ಇಂಜಿನ್ ಕೆಟ್ಟಿದೆ ಎಂದು ಯಾರಾದರೂ ಬಂದರೆ, "ಓಡದಿದ್ರೆ ಮನೇಲಿ ಕೂತ್ಕಳ್ರಿ. ನಿಲ್ಲದಿದ್ರೆ ನನ್ ಹತ್ರ ಬರ್ರಿ," ಎಂದು ಕಳಿಸಿಬಿಡುತ್ತಿದ್ದರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಕೆಟ್ಟದ್ದು ನನ್ನಿಂದ. ಹೇಗೆ ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೊಂದು ಅಭ್ಯಾಸವಿದೆ. ಸಂಜೆ ದೇವರಿಗೆ ದೀಪ ಹಚ್ಚಿ ಕೈಮುಗಿದ ಮೇಲೆ, ಆ ದಿನ ದೇವರು ಮಾಡಿದ ಉಪಕಾರಗಳನ್ನು ಬೆರಳ ಗೆರೆಯ ಮೇಲೆ ಎಣಿಸುತ್ತೇನೆ. ದೊಡ್ಡವೇನಲ್ಲ. ಹಾಲು ಒಡೆಯಲಿಲ್ಲ. ಅತ್ತೆಗೆ ರಾತ್ರಿ ಕೆಮ್ಮು ಬರಲಿಲ್ಲ. ನಲ್ಲಿಯಲ್ಲಿ ನೀರು ಬಿಟ್ಟಾಗ ನಾನು ಮನೆಯಲ್ಲಿದ್ದೆ. ಐದು ಸಿಕ್ಕರೆ ಆ ದಿನ ಒಳ್ಳೆಯದು. ಎದುರು ಮನೆಯವರು ಹಲವು ಸಲ ನನ್ನ ಬೆರಳ ಮೇಲೆ ಬಂದಿದ್ದಾರೆ. ಆದರೆ ಒಂದು ದಿನದ ಎಣಿಕೆಯಲ್ಲಿ ನಾನು ಮೋಸ ಮಾಡಿದೆ.

ಅದಕ್ಕೂ ಮೊದಲು ಅವರ ಕೆಲಸದ ರೀತಿ ಹೇಳಬೇಕು. ಸದ್ದು ಯಾವ ಚಕ್ರದ್ದು ಎಂದು ತಿಳಿಯಲು ಶಾಲೆಯ ಕಾಂಪೌಂಡ್ ಪಕ್ಕದಲ್ಲಿ ಗಾಜು ಇಳಿಸಿಕೊಂಡು ನಿಧಾನ ಓಡಿಸಲು ಹೇಳುತ್ತಿದ್ದರು. ಗೋಡೆಗೆ ಬಡಿದು ಸದ್ದು ತಿರುಗಿ ಬರುತ್ತದೆ. ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ. "ಓಡಿಸೋರು ಸುಳ್ ಹೇಳ್ತಾರೆ, ಗೋಡೆ ಹೇಳಲ್ಲ," ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಇನ್ನೊಂದು ಶಾಸ್ತ್ರ. ಕಾರಿನ ಮುಂದೆ ಹತ್ತು ಹೆಜ್ಜೆ ಎಣಿಸಿ ನಡೆದು, ತಿರುಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದರು.

"ಬರ್ರಿ. ನನ್ ಮೇಲೇ ಬರ್ರಿ. ಕೈ ತೋರಿಸ್ದಾಗ ಹಿಡೀರಿ."

ಬಾಗಿಲಲ್ಲಿ ನಿಂತ ಅವರ ಹೆಂಡತಿ ಪ್ರತಿ ಸಲವೂ ಕೂಗುವವರೇ. ಅವರನ್ನು ನಾನು ಅಕ್ಕ ಎನ್ನುತ್ತೇನೆ. "ಈ ಹುಚ್ಚಾಟ ಬಿಡ್ರಿ ಅಂದ್ರೆ ಬಿಡಲ್ಲ! ನಂಗಿನ್ನೂ ಕುಂಕುಮ ಇಟ್ಕಳೋ ಆಸೆ ಐತೆ ಕಣ್ರೀ!"

"ನಾನೇ ನಿಲ್ಲದ ಗಾಡಿ ಮುಂದೆ ಬೇರೇರ ಮಕ್ಳು ಹೆಂಗೆ ನಿಲ್ತಾರೇ?" ಎಂದು ಅವರು ನಿಂತಲ್ಲಿಂದಲೇ ಉತ್ತರ ಕೊಡುತ್ತಿದ್ದರು.

ನಾಲ್ಕು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲೆ, ನಮ್ಮ ಹಳೆಯ ಕಾರು ಸದ್ದು ಮಾಡತೊಡಗಿತು. ಕಾಳು ಹಾಕದೆ ಬೀಸುಕಲ್ಲು ತಿರುಗಿಸಿದರೆ ಬರುತ್ತದಲ್ಲ, ಆ ಸದ್ದು. ಬ್ರೇಕು ತುಳಿದಾಗಲೆಲ್ಲ ಹಲ್ಲು ಜುಮ್ಮೆನ್ನುತ್ತಿತ್ತು. ಕುಪ್ಪಗಡ್ಡೆಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಮಗುವಿನ ನಾಮಕರಣ ಹತ್ತಿರ ಬಂದಿತ್ತು. ಅತ್ತೆಯನ್ನೂ ಕರೆದುಕೊಂಡು ಸೊರಬ ದಾಟಿ ಹೋಗಬೇಕು. ನಮ್ಮ ಮನೆಯವರು ಎದುರು ಮನೆಗೆ ಹೋಗಿ ಹೇಳಿಬಂದರು.

ಭಾನುವಾರ ಬಿಸಿಲೇರುವ ಮೊದಲೇ ಅವರು ನಮ್ಮ ಅಂಗಳಕ್ಕೇ ಬಂದರು. ನೀರು ಚಿಮುಕಿಸಿ, ಮುಂದಿನ ಎಡಚಕ್ರ ಎಂದು ಗೊತ್ತು ಮಾಡಿದರು. ಹಿಂದಿನ ಚಕ್ರಗಳಿಗೆ ಕಲ್ಲು ಒಡ್ಡಿದರು. ಚಕ್ರ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಿ ಆಮೇಲೆ ಜಾಕ್ ಏರಿಸಿದರು. ಏರಿಸಿದ ಮೇಲೂ ನಂಬಿಕೆಯಿಲ್ಲದೆ ಸ್ಟೆಪ್ನಿ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿದರು.

"ಜಾಕು ಮನುಷ್ಯನಿದ್ದಂಗೆ. ಯಾವಾಗ ಕೈ ಬಿಡ್ತದೆ ಅಂತ ಹೇಳಾಕಾಗಲ್ಲ."

ಚಕ್ರ ಬಿಚ್ಚಿದಾಗ ಒಳಗೆ ಊಟದ ತಟ್ಟೆಯಷ್ಟಗಲದ ಉಕ್ಕಿನ ಡಿಸ್ಕು ಕಂಡಿತು. "ತಂಗೀ, ಉಗುರಿಂದ ಗೀರಿ ನೋಡು," ಎಂದರು. ಗೀರಿದೆ. ಗ್ರಾಮಫೋನ್ ತಟ್ಟೆಯಂತೆ ಗೆರೆ ಗೆರೆ. ಆ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡುಗಳನ್ನು ಹೊರತೆಗೆದು ಅಂಗೈ ಮೇಲಿಟ್ಟು ತೋರಿಸಿದರು. ಹೊರಗಿನದು ಅರ್ಧ ಸವೆದಿತ್ತು, ಒಳಗಿನದರಲ್ಲಿ ಬರೀ ತಗಡು ಉಳಿದಿತ್ತು.

"ಒಬ್ಬ ದುಡಿದು ಸತ್ತಾನೆ, ಇನ್ನೊಬ್ಬ ಕೂತು ಉಂಡಾನೆ. ಅವರಿಬ್ಬರ ನಡುವೆ ಜಾರಬೇಕಾದ ಪಿನ್ನು ತುಕ್ಕು ಹಿಡಿದೈತೆ, ಅದಕ್ಕೇ," ಎಂದು ನಕ್ಕರು.

ಪಿನ್ನನ್ನು ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿ, ಬೆಂಕಿಕಡ್ಡಿಯ ತುದಿಯಲ್ಲಿ ತೆಗೆದುಕೊಂಡಷ್ಟೇ ಗ್ರೀಸು ಸವರಿದರಂತೆ. ಆಗ ನಮ್ಮ ಮನೆಯವರಿಗೆ ಹೇಳಿದರಂತೆ, "ಇಲ್ಲಿಗೆ ಮಾತ್ರ ಜಿಡ್ಡು. ಡಿಸ್ಕಿಗೆ ಒಂದು ಹನಿ ಹತ್ತಿದ್ರೂ ಅದು ಬ್ರೇಕಲ್ಲ, ಜಾರುಬಂಡೆ." ಆ ಮಾತಿನ ಹೊತ್ತಿಗೆ ನಾನು ಒಳಗೆ ಕಾಫಿ ಸೋಸುತ್ತಿದ್ದೆ. ನಾಲ್ಕು ವರ್ಷದಿಂದ ಆ ಕಾಫಿಯನ್ನು ನೆನೆಸಿಕೊಳ್ಳುತ್ತಲೇ ಇದ್ದೇನೆ.

ಎರಡೂ ಕಡೆ ಹೊಸ ಪ್ಯಾಡು ಹಾಕಿ, ಪೆಡಲು ಗಟ್ಟಿಯಾಗುವವರೆಗೆ ತುಳಿಸಿ, ಎಂದಿನಂತೆ ಹೋಗಿ ಮುಂದೆ ನಿಂತರು. ಕಾರು ಅವರಿಂದ ಮಾರು ದೂರದಲ್ಲಿ ಮಿಸುಕದೆ ನಿಂತಿತು. ಹೋಗುವಾಗ ಅಂದರು, "ಹೊಸ ಪ್ಯಾಡು, ಎಂಟು ದಿನ ಕೀಚ್ ಅಂತದೆ. ಅನ್ಲಿ. ತಾನೇ ಕೂರ್ತದೆ."

ಇದನ್ನು ನಾನು ಕೇಳಿದ್ದೆ. ಕೇಳಿಲ್ಲ ಎಂದರೆ ಸುಳ್ಳಾಗುತ್ತದೆ.

ಗುರುವಾರ ನಮ್ಮ ಮನೆಯವರು ಕಾರನ್ನು ಒಳಗೆ ತರುವಾಗ ಅದು ಕೀಚ್ ಎಂದಿತು. ಅತ್ತೆ ಜಗಲಿಯ ಮೇಲಿದ್ದರು. "ಇದೇನೇ ಹಂದಿ ಕುಯ್ದಂಗೆ ಕೂಗ್ತದೆ? ಈ ಅಪಶಕುನ ಹೊತ್ಕಂಡು ಶುಭಕಾರ್ಯಕ್ಕೆ ಹೋಗಾದಾ? ನಿಮ್ ತವರಿನ ಕಡೆ ಕೆಲಸ ಅಂದ್ರೆ ಎಲ್ಲಾ ಹಿಂಗೇ," ಎಂದರು. ಮಾತು ಕಾರಿನಿಂದ ನನ್ನ ತವರಿಗೆ ಹೋಗಲು ಅವರಿಗೆ ಹೆಚ್ಚು ಹೊತ್ತು ಬೇಕಿರಲಿಲ್ಲ.

ದೇವರ ದೀಪದಲ್ಲಿ ಉಳಿದ ಎಣ್ಣೆಯನ್ನು ಚೆಲ್ಲಬಾರದು ಎಂದು ನನ್ನ ಅವ್ವ ಹೇಳಿಕೊಟ್ಟಿದ್ದಳು. ಅದು ಪ್ರಸಾದ. ಅದನ್ನು ಒಂದು ಬಟ್ಟಲಿಗೆ ಬಸಿದಿಟ್ಟುಕೊಂಡು ಬಾಗಿಲ ತಿರುಗಣಿಗೆ, ಹೊಲಿಗೆ ಯಂತ್ರಕ್ಕೆ, ಬಾವಿಯ ಗಡಗಡೆಗೆ ಹಾಕುತ್ತಿದ್ದಳು. ಅಜ್ಜಿಯ ಮೊಣಕಾಲಿಗೂ ಅದೇ. ಕಿರುಗುಟ್ಟುವುದಕ್ಕೆಲ್ಲ ಅದೇ ಔಷಧಿ. ನಾನೂ ಹಾಗೇ ಮಾಡಿಕೊಂಡು ಬಂದವಳು. ಶುಕ್ರವಾರ ಬೆಳಿಗ್ಗೆ ಕಾರು ತೊಳೆದು, ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುವಾಗ ಆ ಬಟ್ಟಲನ್ನೂ ತಂದೆ. ತೀರ್ಥ ಕೊಡುವ ಉದ್ಧರಣೆಯಲ್ಲಿ ಎಣ್ಣೆ ತೆಗೆದು, ಎಡಚಕ್ರದ ಕಿಂಡಿಯಲ್ಲಿ ಕೈ ತೂರಿಸಿ, ಹೊಳೆಯುವ ಆ ತಟ್ಟೆಯ ಮೇಲೆ ಎರಡು ಸಲ ಬಿಟ್ಟೆ. ಬಲಗಡೆ ಗೋಡೆ ಇತ್ತು, ಕೈ ಹೋಗಲಿಲ್ಲ. ದಾರಿಯಲ್ಲಿ ಏನೂ ಆಗದಿರಲಿ ತಾಯಿ ಎಂದು ಕೈಮುಗಿದೆ.

ಹೊರಡುವಾಗ ಕಾರು ಕೂಗಲಿಲ್ಲ. ಅತ್ತೆ "ಸದ್ಯ" ಎಂದರು. ನಾನು ಮನಸ್ಸಿನಲ್ಲೇ ಒಂದು ಬೆರಳು ಮಡಚಿದೆ.

ಊರೊಳಗೆ ನಿಧಾನ ಹೋಗುವಾಗ ಏನೂ ತಿಳಿಯಲಿಲ್ಲ. ತಾಳಗುಂದದ ಕಡೆಗೆ ತಿರುಗುವ ರಸ್ತೆಗಿಂತ ಸ್ವಲ್ಪ ಈಚೆಗೆ, ಟಾರಿನ ಎಡಭಾಗದಲ್ಲಿ ಮೆಕ್ಕೆಜೋಳ ಒಣಗಲು ಹರಡಿದ್ದರು. ಸುತ್ತ ಕಲ್ಲಿನ ಸಾಲು. ಒಂದು ತುದಿಯಲ್ಲಿ ಆಳೆತ್ತರ ರಾಶಿ. ಎದುರಿನಿಂದ ಬಸ್ಸು ಬರುತ್ತಿತ್ತು. ಬಸ್ಸು ಹೋಗಲಿ ಎಂದು ನಮ್ಮ ಮನೆಯವರು ಬ್ರೇಕು ತುಳಿದರು. ಕಾರು ನಿಲ್ಲುವ ಬದಲು ಯಾರೋ ಮೂಗುದಾರ ಹಿಡಿದು ಎಳೆದಂತೆ ಬಲಕ್ಕೆ, ಬಸ್ಸಿನ ಕಡೆಗೇ ಹೊರಟಿತು. ಅವರು ಸ್ಟೇರಿಂಗನ್ನು ಎಡಕ್ಕೆ ಎಳೆದ ರಭಸಕ್ಕೆ ಕಲ್ಲು ಹಾರಿಸಿ ಜೋಳದ ರಾಶಿಗೆ ನುಗ್ಗಿದೆವು. ರಾಶಿ ಕಾರನ್ನು ಹಿಡಿದು ನಿಲ್ಲಿಸಿತು. ಜೋಳ ಕೆದರುತ್ತಿದ್ದ ಹೆಂಗಸು ಗದ್ದೆಗೆ ಹಾರಿದ್ದಳು.

ಎದ್ದು ಬಂದವಳೇ ಕಾರಿನ ಬಾನೆಟ್ ಮೇಲೆ ಗುದ್ದಿದಳು. "ಕಣ್ ಏನ್ ಹಣೆ ಮ್ಯಾಲೆ ಇಟ್ಕಂಡೀರೇನ್ರೋ! ಇಡೀ ರಸ್ತೆ ಬಿಟ್ಟು ನನ್ ರಾಶೀನೇ ಬೇಕಿತ್ತಾ ನಿಮ್ಗೆ?" ಅಷ್ಟರಲ್ಲಿ ಹಿಂದಿನ ಸೀಟಿನಿಂದ ಅತ್ತೆಯ ನರಳಾಟ ಕೇಳಿಸಿತು. ಅವಳ ದನಿಯೇ ಬದಲಾಯಿತು. "ಅಯ್ಯೋ, ಮುದುಕಮ್ಮನ ಕೈ ನೋಡ್ರೋ ಮೊದ್ಲು! ನಿಂತ್ಕಂಡು ಮುಖ ನೋಡ್ತಾರೆ!" ಎಂದು ತಾನೇ ಬಾಗಿಲು ತೆಗೆದು ನೀರು ಕುಡಿಸಿದಳು.

ಮುಂದಿನ ಸೀಟಿಗೆ ಕೈಯೊಡ್ಡಿದ್ದ ಅತ್ತೆಯ ಬಲ ಮಣಿಕಟ್ಟು ಮುರಿದಿತ್ತು. ಶಿರಾಳಕೊಪ್ಪದಲ್ಲಿ ಕಟ್ಟು ಹಾಕಿಸಿ, ನಾಮಕರಣ ಬಿಟ್ಟು, ಎರಡನೇ ಗೇರಿನಲ್ಲಿ ಊರಿಗೆ ಬಂದೆವು. ದಾರಿಯುದ್ದಕ್ಕೂ ಅತ್ತೆ ನರಳುತ್ತಿದ್ದರು, ನಮ್ಮ ಮನೆಯವರು ಹಲ್ಲು ಕಚ್ಚಿಕೊಂಡಿದ್ದರು. ಬಸ್ಸು ತಾಗಲಿಲ್ಲ, ರಾಶಿ ಇತ್ತು, ಆ ಹೆಂಗಸು ಉಳಿದಳು ಎಂದು ನಾನು ಎಣಿಸಲು ನೋಡಿದೆ. ಬೆರಳು ಮಡಚಲು ಬರಲಿಲ್ಲ. ಕೈಯಲ್ಲಿ ಎಣ್ಣೆಯ ವಾಸನೆ ಇತ್ತು.

ಕರೆಯುವ ಮೊದಲೇ ಎದುರು ಮನೆಯವರು ಬಂದರು. ನಮ್ಮ ಮನೆಯವರು ಬಾಯಿಗೆ ಬಂದಂತೆ ಕೂಗಾಡಿದರು. ಅವರು ಕಲ್ಲು ಒಡ್ಡಿ, ಜಾಕ್ ಏರಿಸಿ, ಚಕ್ರ ಬಿಚ್ಚಿದರು. ಡಿಸ್ಕು ಮಿರಮಿರ ಮಿಂಚುತ್ತಿತ್ತು. ಬೆರಳಲ್ಲಿ ಒರೆಸಿ ಮೂಸಿದರು. ಆಮೇಲೆ ಒಳಗೆಲ್ಲೋ ಸಿಕ್ಕಿಕೊಂಡಿದ್ದ ಏನನ್ನೋ ಎರಡು ಬೆರಳಲ್ಲಿ ಹಿಡಿದು ಎತ್ತಿದರು. ಉಗುರಿನುದ್ದದ, ತುದಿ ಕಪ್ಪಾದ ಹತ್ತಿ. ನನ್ನ ದೀಪದ ಬತ್ತಿಯ ಚೂರು.

ತಲೆಯೆತ್ತಿ ನೋಡಿದರು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಒಳಗಿನಿಂದ ಅತ್ತೆಯ ದನಿ ಬರುತ್ತಿತ್ತು, "ಇವಳು ಕಾಲಿಟ್ಟ ಮೇಲೆ ಈ ಮನೇಲಿ ಏನು ನೆಟ್ಟಗಾಗೈತೆ?" ಅವರು ಅದನ್ನು ಕೇಳಿಸಿಕೊಂಡರು. ಬತ್ತಿಯ ಮೇಲೆ ಮುಷ್ಟಿ ಮುಚ್ಚಿದರು.

"ಏನ್ರೀ ಅದು?" ಎಂದರು ನಮ್ಮ ಮನೆಯವರು.

"ಗ್ರೀಸು. ನಂದೇ ತಪ್ಪು. ಜಾಸ್ತಿ ಹಾಕ್ಬಿಟ್ಟೀನಿ, ಕಾದು ಕರಗಿ ಹರಿದೈತೆ."

"ಡಿಸ್ಕಿಗೆ ಒಂದು ಹನಿ ಹತ್ತಬಾರದು ಅಂತ ನೀವೇ ಹೇಳಿದ್ರಲ್ರೀ!"

"ಹೇಳಿದ್ದೆ. ಕೈ ಮೊದಲಿನಂಗಿಲ್ಲ."

ನಾನು ಬಾಯಿ ತೆರೆದೆ ಎಂದು ಬರೆಯಲು ಆಸೆಯಾಗುತ್ತದೆ. ತೆರೆಯಲಿಲ್ಲ. ಅವರು ಡಿಸ್ಕನ್ನು ಪೆಟ್ರೋಲಿನಲ್ಲಿ ಒರೆಸಿ, ಎಣ್ಣೆ ಕುಡಿದ ಪ್ಯಾಡು ಬಿಸಾಡಿ ಬೇರೆ ಹಾಕಿದರು. ಪೆಡಲು ತುಳಿಸಿದರು. ಹತ್ತು ಹೆಜ್ಜೆ ಎಣಿಸಿ ಹೋಗಿ ಕೈ ಹಿಂದೆ ಕಟ್ಟಿ ನಿಂತರು.

"ಬರ್ರಿ."

ನಮ್ಮ ಮನೆಯವರು ಸ್ಟೇರಿಂಗ್ ಹಿಂದೆ ಕೂತಿದ್ದರು. ಇಂಜಿನ್ ಓಡುತ್ತಿತ್ತು. ಆಮೇಲೆ ಆಫ್ ಮಾಡಿ ಇಳಿದರು. "ಬ್ಯಾಡ ಬಿಡ್ರಿ. ನಿಮ್ ಕೆಲಸದ ಮೇಲೆ ನನಗೆ ಧೈರ್ಯ ಇಲ್ಲ. ಪೇಟೆ ಮೆಕ್ಯಾನಿಕ್ಕಿಗೆ ತೋರಿಸ್ತೀನಿ," ಎಂದು ಒಳಗೆ ಹೋದರು.

ಅವರು ಬೀದಿಯ ನಡುವೆ ಹಾಗೇ ಒಂದಿಷ್ಟು ಹೊತ್ತು ನಿಂತಿದ್ದರು. ಆ ದಿನ ಅವರ ಬಾಗಿಲಿನಿಂದ ಅಕ್ಕ ಏನೂ ಕೂಗಲಿಲ್ಲ.

ನಾಲ್ಕನೆಯ ದಿನ ಹೋಳಿಗೆ ಮಾಡಿ ತೆಗೆದುಕೊಂಡು ಹೋದೆ. ಅಕ್ಕ ಹಿತ್ತಲಲ್ಲಿದ್ದರು. "ಅಣ್ಣಾ, ಎಣ್ಣೆ ನಾನೇ..." ಎಂದು ಶುರುಮಾಡಿದೆ.

"ಗೊತ್ತು ಬಿಡು ತಂಗೀ. ದೇವರ ಎಣ್ಣೆ. ಆದ್ರೆ ಡಿಸ್ಕಿಗೆ ದೇವರೂ ಗೊತ್ತಿಲ್ಲ, ದೆವ್ವಾನೂ ಗೊತ್ತಿಲ್ಲ." ನಗಲು ನೋಡಿದರು.

"ಇವರಿಗೆ ಹೇಳ್ತೀನಿ."

"ಹೇಳಿ ಏನ್ ಮಾಡ್ತೀಯ? ನಂಗೆ ಬೀದಿಯೋರ ಮಾತು ಎಷ್ಟು ದಿನ? ಒಂದು ವಾರ. ನಿಂಗೆ ಆ ಮನೇಲಿ ಜೀವಮಾನ. ಒಂದೇ ಮಾತು ನೆನಪಿಟ್ಕ. ಗಾಡಿ ಸದ್ದು ಮಾಡಿದ್ರೆ ಬಾಯಿ ಮುಚ್ಚಿಸಬ್ಯಾಡ. ಅದು ಪಾಪ, ಹೇಳಾಕೆ ನೋಡ್ತಿರ್ತದೆ."

ಆ ಸಂಜೆ ದೀಪದ ಮುಂದೆ ಕೂತು, ನಾನು ಬಚಾವಾದದ್ದನ್ನು ದೇವರ ಉಪಕಾರವೆಂದು ಎಣಿಸಿದೆ. ಮೋಸ ಎಂದದ್ದು ಇದನ್ನೇ.

ಬ್ರೇಕಿನಲ್ಲಿ ಅವರ ಅಂದಾಜು ಎಂದೂ ತಪ್ಪಿದ್ದಿಲ್ಲ. ಬೀದಿಯ ವಿಷಯದಲ್ಲಿ ತಪ್ಪಿತು. ಒಂದು ವಾರ ಹೋಗಿ ನಾಲ್ಕು ವರ್ಷವಾಯಿತು. ನಮ್ಮ ಮನೆಯವರು ಸುಳ್ಳು ಹೇಳುವ ಜಾತಿಯಲ್ಲ. ತಮಗೆ ಗೊತ್ತಿದ್ದ ನಿಜವನ್ನೇ ಸಿಕ್ಕಸಿಕ್ಕವರಿಗೆ ಹೇಳಿದರು. ಮೂಲೆಮನೆಯ ಆಟೋ ಬರುವುದು ನಿಂತಿತು. ಆಮೇಲೆ ಸ್ಕೂಟಿಗಳು. ಹೊಂಗೆಯ ನೆರಳಲ್ಲಿ ನಾಯಿ ಮಲಗತೊಡಗಿತು. ಅವರು ಜಗಲಿಯಲ್ಲಿ ಕೂತಿರುತ್ತಿದ್ದರು. ಯಾವುದಾದರೂ ಗಾಡಿ ಕರಕರ ಎನ್ನುತ್ತ ಹೋದರೆ ಕುತ್ತಿಗೆ ತಾನಾಗಿ ತಿರುಗುತ್ತಿತ್ತು. "ಹಿಂದಿಂದು, ಬಲಗಡೆ," ಎನ್ನುತ್ತಿದ್ದರು, ಯಾರಿಗೂ ಅಲ್ಲ.

"ಸುಮ್ನಿರ್ರಿ. ನಿಮ್ಮನ್ನ ಯಾರು ಕೇಳಿದ್ರು?" ಎಂದು ಅಕ್ಕ ಒಳಗಿನಿಂದ ಅನ್ನುವುದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು.

ನನ್ನನ್ನು ಕಂಡಾಗ ಅವರು ಮೊದಲಿನಂತೆಯೇ "ಊಟ ಆತಾ ತಂಗೀ" ಎನ್ನುತ್ತಿದ್ದರು. ಆ ಮಾತಿನಲ್ಲಿ ಮುಳ್ಳು ಇದೆಯೇ ಎಂದು ಹುಡುಕಿದ್ದೇನೆ. ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅತ್ತೆಯ ಕೈ ಕೂಡಿಕೊಂಡಿತು. ಹೇಳಬಹುದಾದ ದಿನಗಳು ಎಷ್ಟೋ ಬಂದವು. ಹಬ್ಬ ಕಳೆಯಲಿ ಎಂದೆ, ಅತ್ತೆಯ ಕೋಪ ಇಳಿಯಲಿ ಎಂದೆ, ಅವರೇ ಬೇಡವೆಂದಿದ್ದಾರಲ್ಲ ಎಂದೆ. ಈ ವರ್ಷ ಜ್ವರ ಎಂದು ಮಲಗಿದ ಎದುರು ಮನೆಯವರು ಏಳಲಿಲ್ಲ.

ಹದಿಮೂರನೆಯ ದಿನದ ಊಟಕ್ಕೆ ಬೀದಿಯವರೆಲ್ಲ ಸೇರಿದ್ದರು. ಹೊಂಗೆ ಮರದ ಕೆಳಗೇ ಪಂಕ್ತಿ. ನಾನೂ ಸೆರಗು ಸಿಕ್ಕಿಸಿಕೊಂಡು ಬಡಿಸಲು ನಿಂತಿದ್ದೆ. ಎಲೆಯ ಮುಂದೆ ಕೂತಾಗ ಹೋದವರ ಮಾತು ಬರುತ್ತದಲ್ಲ, ಬಂತು. ಮೂಲೆಮನೆಯ ಆಟೋದವರು ಅವರ ನೀರು ಚಿಮುಕಿಸುವ ವಿದ್ಯೆಯನ್ನು ಹೊಗಳಿದರು.

"ಒಳ್ಳೆ ಮನುಷ್ಯ, ಇಲ್ಲ ಅನ್ನಲ್ಲ," ಎಂದರು ನಮ್ಮ ಮನೆಯವರು. "ಆದ್ರೆ ಕೊನೆಗಾಲಕ್ಕೆ ಕೈ ಕೆಟ್ಟಿತ್ತು ರೀ. ನಮ್ ಗಾಡೀನೇ ಸಾಕ್ಷಿ. ನಾವು ಉಳಿದಿದ್ದೇ ಹೆಚ್ಚು."

ಅಕ್ಕ ಸಾರಿನ ಬಕೆಟ್ ಹಿಡಿದು ಅದೇ ಸಾಲಿನಲ್ಲಿದ್ದರು. ಸೌಟು ಗಾಳಿಯಲ್ಲೇ ನಿಂತಿತು. ಆಮೇಲೆ ಏನೂ ಆಗದವರಂತೆ ಮುಂದಿನ ಎಲೆಗೆ ಬಡಿಸಿದರು. ಹಣೆಯಲ್ಲಿ ಕುಂಕುಮ ಇರಲಿಲ್ಲ.

"ಅವರ ಕೈ ಕೆಟ್ಟಿರಲಿಲ್ಲ," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಚಕ್ರಕ್ಕೆ ಎಣ್ಣೆ ಬಿಟ್ಟಿದ್ದು ನಾನು. ದೇವರ ದೀಪದ ಎಣ್ಣೆ. ಕೂಗಬಾರದು ಅಂತ ಬಿಟ್ಟೆ. ಅವರು ಬತ್ತಿ ನೋಡಿದ್ರು. ನನ್ನ ಉಳಿಸೋಕೆ ಗ್ರೀಸು ಅಂದ್ರು."

ಊಟ ನಿಂತಿತು. ಸಾಲಿನ ತುದಿಯಲ್ಲಿ ಕೂತಿದ್ದ ಅತ್ತೆ ತಮ್ಮ ಬಲ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡಿದರು. ನಮ್ಮ ಮನೆಯವರು ತುತ್ತನ್ನು ಎಲೆಗೆ ಇಳಿಸಿದರು. ನಾನು ಅಕ್ಕನ ಕಾಲು ಹಿಡಿಯಲು ಬಗ್ಗಿದೆ. ಅವರು ಹಿಂದಕ್ಕೆ ಸರಿದರು.

"ನಂಗೊತ್ತಿತ್ತು," ಎಂದರು. "ಅವತ್ತೇ ಬತ್ತಿ ತಂದು ತೋರಿಸಿದ್ರು. ಯಾರಿಗೂ ಹೇಳಬ್ಯಾಡ ಅಂತ ಆಣೆ ಹಾಕ್ಸಿದ್ರು." ಸೌಟನ್ನು ಬಕೆಟ್ಟಿಗೆ ಇಳಿಸಿದರು. "ನೀ ಬಂದು ಹೇಳ್ತೀಯ ಅಂತ ಅವರೇನೂ ಕಾಯ್ತಿರಲಿಲ್ಲ ಕಣೇ. ನಾನು ಕಾಯ್ತಿದ್ದೆ."

ಆಮೇಲೆ ಸಾರಿನ ಬಕೆಟ್ಟನ್ನು ನನ್ನ ಕೈಗೆ ಕೊಟ್ಟರು. "ಆ ಕಡೆ ಸಾಲಿಗೆ ಸಾರು ಬಂದಿಲ್ಲ. ನೋಡು."

ಬಡಿಸುತ್ತ ಹೋದೆ. ನಮ್ಮ ಮನೆಯವರ ಎಲೆಯ ಹತ್ತಿರ ಬಂದಾಗ ಅವರು ತಲೆ ಎತ್ತದೆ ಎಲೆಗೆ ಅಂಗೈ ಅಡ್ಡ ಹಿಡಿದರು. ಒಂದು ಗಳಿಗೆ ನಿಂತು, ಮುಂದಿನ ಎಲೆಗೆ ಹೋದೆ.